ಹದಿನೇಳೋ ಹತ್ತೊಂಬತ್ತೋ

ಹಾಸ್ಟೆಲ್
ನವೆಂಬರ್ 9

ಅಪ್ಪಾ,

ಕೆಟ್ಟ ಸುದ್ದಿ ಮೊದಲು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇತಿಹಾಸಕ್ಕೆ ನೂರಕ್ಕೆ ಮೂವತ್ತೊಂದು. ಒಳ್ಳೆಯ ಸುದ್ದಿ ಏನೆಂದರೆ ಕೆಟ್ಟ ಸುದ್ದಿ ಇದೊಂದೇ; ಉಳಿದ ವಿಷಯಗಳಲ್ಲಿ ನಿನ್ನ ಮಾನ ಕಾಪಾಡಿದ್ದೇನೆ. ಗಣಿತದಲ್ಲಿ ಎಂಬತ್ತೆಂಟು ಬಂದದ್ದನ್ನು ಅಜ್ಜಿಗೆ ಹೇಳು, ಇತಿಹಾಸದ್ದನ್ನು ನಿನ್ನ ಹೊಟ್ಟೆಯಲ್ಲೇ ಇಟ್ಟುಕೋ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ವಾರ್ಡನ್ ಮೇಡಂ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ನಮ್ಮ ಇತಿಹಾಸದ ಮೇಷ್ಟ್ರಿಗೆ ನಾವಿಟ್ಟ ಹೆಸರು ಇಸವಿ ಮೇಷ್ಟ್ರು. ಹೊಟ್ಟೆನೋವು ಎಂದು ರಜೆ ಕೇಳಿದರೂ "ಯಾವ ತಾರೀಕಿನಿಂದ?" ಅನ್ನುತ್ತಾರೆ. ವಾರ್ಷಿಕ ಪರೀಕ್ಷೆಯಲ್ಲಿ ಯುದ್ಧದ ಪಾಠಕ್ಕೇ ಇಪ್ಪತ್ತು ಅಂಕವಂತೆ, ಅದರಲ್ಲಿ ಹತ್ತು ಬರೀ ಘಟನೆಗಳನ್ನು ಕಾಲಾನುಕ್ರಮದಲ್ಲಿ ಬರೆಯುವುದಕ್ಕೆ. ಒಂದು ವಿಷಯ ಹೋದರೂ ವರ್ಷವೇ ಹೋದಂತೆ. ನನಗೋ ತಾರೀಕುಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತವೆ.

ಅಷ್ಟರಲ್ಲೂ ಒಂದು ತಾರೀಕು ಮಾತ್ರ ಕಣ್ಣು ಮುಚ್ಚಿ ಬರೆದಿದ್ದೆ. "ಯುದ್ಧ ಮುಗಿದದ್ದು ಯಾವಾಗ?" ಜೂನ್ ಹದಿನೇಳು. ಅದಕ್ಕೂ ಕೆಂಪು ಗೀಟು! ನಾನು ಸುಮ್ಮನಿರಲಿಲ್ಲ. "ಸರ್, ನಮ್ಮನೇಲಿ ಗೋಡೆ ಮೇಲೇ ಇದೆ ಸರ್" ಅಂದೆ. "ನಿಮ್ಮನೆ ಗೋಡೆ ಪಠ್ಯಪುಸ್ತಕ ಅಲ್ಲಮ್ಮ. ಹತ್ತೊಂಬತ್ತು" ಅಂದರು. ಇಡೀ ತರಗತಿ ನಕ್ಕಿತು. ಏಣಿ ಚಿಕ್ಕಪ್ಪನ ಫೋಟೋದ ಕೆಳಗೆ ನೀನೇ ಬರೆದಿಲ್ಲವೇ ಹದಿನೇಳು ಎಂದು? ಯುದ್ಧ ಮುಗಿದ ದಿನವೇ ಹೋದ ನನ್ನ ಮಗ ಎಂದು ಅಜ್ಜಿ ಹೇಳುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಯಾರು ತಪ್ಪು, ನೀವೋ ಪುಸ್ತಕವೋ?

ಒಂದು ಸಹಾಯ ಮಾಡು. ನೀನು ಆ ಯುದ್ಧವನ್ನು ಕಣ್ಣಾರೆ ಕಂಡವನು. ಮೊದಲಿನಿಂದ ಕೊನೆಯವರೆಗೆ ಯಾವ ದಿನ ಏನಾಯಿತು ಎಂದು ಕಥೆಯ ಹಾಗೆ ಬರೆದು ಕಳಿಸು. ಪುಸ್ತಕ ಹೇಳಿದ್ದು ಮರೆಯುತ್ತೇನೆ, ನೀನು ಹೇಳಿದ್ದು ಮರೆಯುವುದಿಲ್ಲ.

ನಿನ್ನ ತಲೆ ತಿನ್ನುವ ಮಗಳು,
ತರಲೆ


ಅಂಗಡಿ
ನವೆಂಬರ್ 21

ತರಲೆ,

ಮೂವತ್ತೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಅಜ್ಜಿ ಎಂಬತ್ತೆಂಟನ್ನು ಇಡೀ ಬೀದಿಗೆ ಹಂಚಿ ಬಂದಿದ್ದಾಳೆ. ಹೊಲಿಗೆಯವರ ಮನೆ ತಲುಪುವಷ್ಟರಲ್ಲಿ ಅದು ತೊಂಬತ್ತೆಂಟಾಗಿತ್ತು.

ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಆದರೆ ನನ್ನ ಚೀಟಿಗಳನ್ನು ನಂಬುತ್ತೇನೆ. ರಿಪೇರಿಗೆ ಬಂದ ಪ್ರತಿ ರೇಡಿಯೋಗೂ ಒಂದು ರಟ್ಟಿನ ಚೀಟಿ ಕಟ್ಟುವುದು ನನ್ನ ಪದ್ಧತಿ ಎಂದು ನಿನಗೆ ಗೊತ್ತಲ್ಲ. ಬಂದ ತಾರೀಕು, ಯಾರ ಸೆಟ್ಟು, ಏನು ಕಾಯಿಲೆ. ಸೆಟ್ಟು ವಾಸಿಯಾಗಿ ಹೋದ ಮೇಲೆ ಚೀಟಿಯನ್ನು ತಂತಿಗೆ ಪೋಣಿಸುತ್ತೇನೆ. ಇಪ್ಪತ್ತನಾಲ್ಕು ವರ್ಷದ ಹಿಂದಿನ ತಂತಿ ಅಟ್ಟದ ಮೇಲಿತ್ತು. ಧೂಳು ಕೊಡವಿ ಓದಿದೆ.

ಏಪ್ರಿಲ್ ನಾಲ್ಕು, ಯುದ್ಧ ಘೋಷಣೆಯಾದ ದಿನ. ಆ ಒಂದೇ ದಿನ ಹನ್ನೊಂದು ಸೆಟ್ಟು ಬಂದಿವೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದವೆಲ್ಲ ಸುದ್ದಿ ಕೇಳಲು ಎದ್ದು ಬಂದವು. ಕ್ಷೌರದವರ ಸೆಟ್ಟು ಬಿಚ್ಚಿದರೆ ಒಳಗೆ ಇಲಿ ಮರಿ ಹಾಕಿತ್ತು. ಒಂಬತ್ತನೇ ತಾರೀಕು ಸೇತುವೆಗೆ ಸೈನಿಕರ ಕಾವಲು ಬಿತ್ತು. ಎರಡು ದಿನಕ್ಕೆಂದು ಆಚೆ ದಡದ ತನ್ನ ಅಕ್ಕನ ಮನೆಗೆ ಹೋಗಿದ್ದ ಅಜ್ಜಿ ಅಲ್ಲೇ ಸಿಕ್ಕಿಕೊಂಡಳು. ಹತ್ತು ವಾರ ಸೇತುವೆ ದಾಟಲು ಯಾರನ್ನೂ ಬಿಡಲಿಲ್ಲ. ಈಚೆ ಮನೆಯಲ್ಲಿ ನಾನು, ಏಣಿ ಇಬ್ಬರೇ. ಅಡುಗೆ ಅವನದು. ಅದನ್ನು ಯುದ್ಧದ ನಷ್ಟಗಳಲ್ಲಿ ಸೇರಿಸಬೇಕು.

ಮೇ ಎರಡು, ವಿದ್ಯುತ್ ಕೇಂದ್ರದ ಮೇಲೆ ಬಾಂಬು. ಕರೆಂಟು ಹೋಯಿತು, ಸೆಲ್ಲಿನ ಸೆಟ್ಟುಗಳಿಗೆ ಮಾತ್ರ ಜೀವ. ಸೆಲ್ಲುಗಳೂ ಒಂದು ವಾರದಲ್ಲಿ ಪೇಟೆಯಿಂದ ಮಾಯವಾದವು. ಮೇ ಇಪ್ಪತ್ತು, ರೈಲು ನಿಲ್ದಾಣ. ಎರಡು ದಿನ ಬಿಟ್ಟು ಸ್ಟೇಷನ್ ಮಾಸ್ತರರ ಹೆಂಡತಿ ತಂದ ಸೆಟ್ಟಿನೊಳಗೆ ಗಾಜಿನ ಚೂರುಗಳಿದ್ದವು. ಅವರು ಅದನ್ನು ವಾಪಸು ತೆಗೆದುಕೊಳ್ಳಲು ಬರಲಿಲ್ಲ. ಜೂನ್ ಹನ್ನೊಂದು, ಸಂಧಾನದ ಮಾತುಕತೆ ಶುರು. ಹದಿನಾರನೇ ತಾರೀಕು ಬೇಕರಿಯವರ ಸೆಟ್ಟು ಬಂತು. ಕಾಯಿಲೆ: ಸ್ಪೀಕರ್ ತಂತಿ ಕಿತ್ತಿದೆ.

ಮುಂದಿನದು ಪುಸ್ತಕದಲ್ಲಿದೆ, ಓದಿಕೋ. ಮೇಷ್ಟ್ರು ಹೇಳಿದ್ದೇ ಸರಿ, ಹತ್ತೊಂಬತ್ತು.

ಅಪ್ಪ


ಹಾಸ್ಟೆಲ್
ಡಿಸೆಂಬರ್ 3

ಅಪ್ಪಾ,

ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು! ಇಲಿಮರಿ ಎಂದರೆ ಏಪ್ರಿಲ್ ನಾಲ್ಕು, ಅಜ್ಜಿ ಎಂದರೆ ಒಂಬತ್ತು, ಗಾಜು ಎಂದರೆ ಮೇ ಇಪ್ಪತ್ತು. ಹಾಸಿಗೆಯ ಪಕ್ಕದ ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಎಲ್ಲವನ್ನೂ ಬರೆದಿದ್ದೇನೆ. ಪಕ್ಕದ ಮಂಚದವಳೂ ಈಗ "ಇಲಿಮರಿಯಿಂದ ಶುರು ಮಾಡೇ" ಅನ್ನುತ್ತಾಳೆ.

ಆದರೆ ನೀನು ಹದಿನಾರಕ್ಕೇ ಕೈ ಕೊಟ್ಟೆ. ಸರಿ ಎಂದು ಪುಸ್ತಕ ತೆಗೆದೆ. ಅಪ್ಪಾ, ಈಗ ಕೇಳು. ಪಾಠದ ಕೊನೆಯಲ್ಲಿ ಚೌಕದೊಳಗೆ ರೇಡಿಯೋ ಪ್ರಕಟಣೆಯನ್ನು ಹಾಗೇ ಅಚ್ಚು ಹಾಕಿದ್ದಾರೆ. ಜೂನ್ ಹದಿನೇಳು, ಮಧ್ಯಾಹ್ನ ಒಂದು ಗಂಟೆ: "ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕಿದ್ದಾರೆ. ಒಪ್ಪಂದವು ನಾಡಿದ್ದು ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಆರು ಗಂಟೆಯಿಂದ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ನಾಗರಿಕರು ಸೇತುವೆಗಳ ಮೇಲೆ ಸಂಚರಿಸಬಾರದು." ನೋಡಿದೆಯಾ? ಸಹಿ ಹದಿನೇಳು, ಜಾರಿ ಹತ್ತೊಂಬತ್ತು. ನಮ್ಮ ಮನೆಯವರು ಒಂದನ್ನು ಹಿಡಿದಿದ್ದೇವೆ, ಮೇಷ್ಟ್ರು ಇನ್ನೊಂದನ್ನು.

ಎಂದರೆ ರೇಡಿಯೋ ಸುಳ್ಳು ಹೇಳಲೇ ಇಲ್ಲ! ರೇಡಿಯೋ ಸುಳ್ಳು ಹೇಳಿ ನನ್ನ ಮಗನನ್ನು ತಿಂದಿತು ಎಂದು ಅಜ್ಜಿ ಇಷ್ಟು ವರ್ಷ ಅದನ್ನು ಹೊಸಿಲು ದಾಟಲು ಬಿಟ್ಟಿಲ್ಲ. ನೀನು ಊರ ರೇಡಿಯೋಗಳಿಗೆಲ್ಲ ಡಾಕ್ಟರು, ನಮ್ಮ ಮನೆಯಲ್ಲಿ ಒಂದೂ ಇಲ್ಲ. ರಜೆಗೆ ಬಂದಾಗ ಅಜ್ಜಿಯನ್ನು ಕೂರಿಸಿಕೊಂಡು ಈ ಚೌಕವನ್ನು ಓದಿ ಹೇಳುತ್ತೇನೆ. ರೇಡಿಯೋ ಮೇಲಿನ ಕೋಪ ಇಳಿದರೆ ನನಗೆ ಹಾಡು ಕೇಳುವ ಯೋಗ ಬಂದೀತು.

ಒಂದೇ ಅರ್ಥವಾಗಲಿಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ್ದರೆ, ಚಿಕ್ಕಪ್ಪ ಅವತ್ತೇ ಸೇತುವೆಗೆ ಹೋಗಿ ಕಾವಲಿನವರ ಗುಂಡಿಗೆ ಯಾಕೆ ಸಿಕ್ಕಿದರು?

ತರಲೆ


ಅಂಗಡಿ
ಡಿಸೆಂಬರ್ 8

ಮಗಳೇ,

ಅಜ್ಜಿಗೆ ಏನನ್ನೂ ಓದಿ ಹೇಳಬೇಡ. ಪರೀಕ್ಷೆಗೆ ಬೇಕಾದ್ದು ಎರಡು ತಾರೀಕು, ಅವು ನಿನಗೆ ಗೊತ್ತಾದವು. ಅಷ್ಟು ಸಾಕು. ಹೆಚ್ಚಿನ ಉಸಾಬರಿ ಬೇಡ.

ಚಳಿ ಶುರುವಾಗಿದೆ, ಸ್ವೆಟರ್ ಕಳಿಸಿದ್ದೇನೆ.

ಅಪ್ಪ


ಹಾಸ್ಟೆಲ್
ಜನವರಿ 7

ಅಪ್ಪಾ,

ಸುಖವಾಗಿ ತಲುಪಿದೆ. ಸ್ವೆಟರ್ ತೋಳು ಗಿಡ್ಡ. ನಾನು ಬೆಳೆದಿರುವುದನ್ನು ನೀನು ಗಮನಿಸಿಲ್ಲ.

ಹನ್ನೆರಡು ದಿನ ಮನೆಯಲ್ಲಿದ್ದೆ. ನಾನು ಏಳುವ ಮೊದಲೇ ನೀನು ಅಂಗಡಿಗೆ ಹೋಗಿರುತ್ತಿದ್ದೆ. ಊಟಕ್ಕೆ ಬಂದರೆ ಅಜ್ಜಿ ಪಕ್ಕದಲ್ಲೇ ಕೂತು ಅಜ್ಜಿಯ ಜೊತೆಗೇ ಮಾತು. ನಾನು ಇತಿಹಾಸದ ಪುಸ್ತಕ ಕೈಗೆತ್ತಿಕೊಂಡರೆ ನಿನಗೆ ಹೊರಗೆ ಕೆಲಸ ನೆನಪಾಗುತ್ತಿತ್ತು. ಬೇಡ ಎಂದಿದ್ದಕ್ಕೆ ಅಜ್ಜಿಗೆ ನಾನು ಏನೂ ಓದಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದೆಷ್ಟು ಕಷ್ಟ ಎಂದು ನಿನಗೆ ಗೊತ್ತು.

ಹೊರಡುವ ಹಿಂದಿನ ದಿನ ನಿನಗೆ ಬುತ್ತಿ ಕೊಡಲು ಅಂಗಡಿಗೆ ಬಂದಿದ್ದೆನಲ್ಲ. ನೀನು ಒಬ್ಬರ ಸೆಟ್ಟು ಸರಿಮಾಡಿ ಹಚ್ಚಿದ್ದೆ. ದನಿ ಸ್ಪಷ್ಟವಾಗಿ ಬಂತು. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. "ಸಾಕು ಮಾರಾಯ್ರೇ, ಕೊಡಿ" ಎಂದು ಕೈ ಚಾಚಿದರೂ ನೀನು ಕೊಡಲಿಲ್ಲ. "ಸುದ್ದಿ ಮುಗೀಲಿ" ಅಂದೆ. ಹವಾಮಾನದವರೆಗೂ ಕೇಳಿಸಿದೆ. ಅವರು ನನ್ನ ಕಡೆ ತಿರುಗಿ "ನಿಮ್ಮಪ್ಪನ ಹತ್ರ ಬಂದ್ರೆ ಬಸ್ಸು ಸಿಗಲ್ಲ, ಸುದ್ದಿ ಮಾತ್ರ ಪೂರ್ತಿ ಸಿಗುತ್ತೆ" ಎಂದು ನಕ್ಕರು. ನೀನು ನಗಲಿಲ್ಲ.

ನೀನು ಬುತ್ತಿ ಬಿಚ್ಚುತ್ತಿದ್ದಾಗ ಆ ಹಳೇ ತಂತಿ ನೋಡಿದೆ. ಬೇಕರಿಯವರ ಚೀಟಿಯ ನಂತರ ಇರುವ ಚೀಟಿ ಆಗಸ್ಟ್ ಇಪ್ಪತ್ತಾರರದು. ಎರಡು ತಿಂಗಳು ನೀನು ಒಂದು ಸೆಟ್ಟನ್ನೂ ಮುಟ್ಟಿಲ್ಲ.

ಕೇಳಬೇಕೋ ಬಿಡಬೇಕೋ ತಿಳಿಯದು. ಅವತ್ತು ಏನಾಯಿತಪ್ಪಾ?

ನಿನ್ನ ಮಗಳು


ಅಂಗಡಿ
ಜನವರಿ 30

ಮಗಳೇ,

ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನನಗಾಗ ಇಪ್ಪತ್ತಾರು, ಏಣಿಗೆ ಇಪ್ಪತ್ತೊಂದು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕೆಲಸ. ಉಳಿದವರು ಏಣಿ ಹಾಕಿ ಬರೆದರೆ ಇವನು ನೆಲದ ಮೇಲೆ ನಿಂತೇ ಬರೆಯುತ್ತಿದ್ದ, ಅದಕ್ಕೇ ಆ ಹೆಸರು. ನನ್ನ ಅಂಗಡಿಯ ಬೋರ್ಡು ಅವನ ಕೈಬರಹ. ಬಣ್ಣ ಹೋಗಿ ಓದಲು ಬಾರದಿದ್ದರೂ ನಾನು ಬದಲಾಯಿಸದೆ ಇರುವುದಕ್ಕೆ ನೀನು ಜಿಪುಣ ಎಂದು ಛೇಡಿಸುತ್ತೀಯಲ್ಲ, ಕಾರಣ ಅದು.

ಆ ದಿನಗಳಲ್ಲಿ ಸೆಲ್ಲು ಬಂಗಾರಕ್ಕಿಂತ ದುರ್ಲಭ. ಸೆಟ್ಟು ಸರಿಮಾಡಿದ ಮೇಲೆ ಗಿರಾಕಿಯ ಸೆಲ್ಲನ್ನು ಉಳಿಸಬೇಕು. ಆದ್ದರಿಂದ ನನಗೊಂದು ಅಭ್ಯಾಸವಾಗಿತ್ತು. ಹಚ್ಚುವುದು, ದನಿ ಸ್ಪಷ್ಟವಾಗಿ ಕಿವಿಗೆ ಬಿದ್ದ ಕೂಡಲೇ ಆರಿಸುವುದು. ಒಂದು ವಾಕ್ಯ ಕೇಳಿದರೆ ಸೆಟ್ಟಿನ ಆರೋಗ್ಯ ತಿಳಿಯುತ್ತದೆ. "ಬಂತಲ್ಲ, ಸಾಕು" ಅನ್ನುತ್ತಿದ್ದೆ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ಹದಿನೇಳನೇ ತಾರೀಕು ಮಧ್ಯಾಹ್ನ ಬೇಕರಿಯವರ ಸೆಟ್ಟಿಗೆ ತಂತಿ ಬೆಸೆದು ಹಚ್ಚಿದೆ. "ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕಿದ್ದಾರೆ." ಎಷ್ಟು ಸ್ಪಷ್ಟ ದನಿ! ಕೈ ತನ್ನಷ್ಟಕ್ಕೆ ಹೋಗಿ ಆರಿಸಿತು. ನಿನ್ನ ಚೌಕದಲ್ಲಿರುವ ಎರಡನೇ ವಾಕ್ಯ ನಾನು ಕೇಳಲಿಲ್ಲ. ಮೂರನೆಯದೂ ಕೇಳಲಿಲ್ಲ.

ಬೀದಿಗೆ ಓಡಿ ಕೂಗಿದೆ, ಯುದ್ಧ ಮುಗಿಯಿತು ಎಂದು. ಎಲ್ಲರೂ ಹೊರಗೆ ಬಂದರು. ಹೊಲಿಗೆಯವರು ನನ್ನನ್ನು ಎತ್ತಿಕೊಂಡು ಕುಣಿದರು. ಏಣಿ ಕೈ ತುಂಬ ಬಣ್ಣ ಮಾಡಿಕೊಂಡು ಬಂದ. "ನಿಜಾನಾ ಅಣ್ಣಾ?" ಅಂದ. "ನನ್ನ ಕಿವಿಯಾರೆ ಕೇಳ್ದೆ ಕಣೋ" ಅಂದೆ. "ಹಾಗಾದ್ರೆ ಅಮ್ಮನ್ನ ಕರ್ಕೊಂಡು ಬರ್ತೀನಿ. ನನ್ನ ಅಡುಗೆಯಿಂದ ನಿಂಗೂ ಬಿಡುಗಡೆ" ಎಂದು ಸೈಕಲ್ ಹತ್ತಿದ. ಕೈ ತೊಳೆದುಕೊಂಡು ಹೋಗೋ ಎಂದೆ. ಅಮ್ಮ ತೊಳೀತಾಳೆ ಎಂದು ನಕ್ಕು ಹೋದ. ನಾನು ತಡೆಯಲಿಲ್ಲ ಮಗಳೇ. ಸಂತೋಷದಿಂದ ಕಳಿಸಿಕೊಟ್ಟೆ.

ಆರು ಗಂಟೆಗೆ, ಆ ಮಾತನ್ನು ಇನ್ನೊಮ್ಮೆ ಕೇಳುವ ಆಸೆಯಾಗಿ ಬೀದಿಯವರನ್ನೆಲ್ಲ ಕೂರಿಸಿಕೊಂಡು ಅದೇ ಸೆಟ್ಟು ಹಚ್ಚಿದೆ. ಆಗ ಪೂರ್ತಿ ಕೇಳಿದೆ. ನಾನು ಸೇತುವೆಯ ಕಡೆ ಓಡಿದೆ. ಅರ್ಧ ದಾರಿಯಲ್ಲೇ ಅವನನ್ನು ಹೊತ್ತುಕೊಂಡು ಬರುತ್ತಿದ್ದವರು ಎದುರಾದರು. ಕಾವಲಿನವರು ನಿಲ್ಲು ಎಂದಿದ್ದರಂತೆ. ಅವನು ಕೈ ಎತ್ತಿ, ಮುಗೀತಲ್ಲ, ಮುಗೀತಲ್ಲ ಎನ್ನುತ್ತ ಮುಂದೆ ಹೋದನಂತೆ.

ಹತ್ತೊಂಬತ್ತಕ್ಕೆ ಸೇತುವೆ ತೆರೆದರು. ಅಜ್ಜಿ ನಡೆದುಕೊಂಡು ಬಂದಳು. ಅವಳಿದ್ದ ಮನೆಯಲ್ಲಿ ರೇಡಿಯೋ ಇರಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. "ಮುಗಿದ ಮೇಲೆ ಯಾಕೆ ಹೊಡೆದ್ರು?" ಎಂದು ಎಲ್ಲರನ್ನೂ ಕೇಳಿದಳು. ಗುಂಪಿನಲ್ಲಿ ಯಾರೋ, ನನ್ನ ಮೇಲಿನ ಕನಿಕರಕ್ಕೋ ಏನೋ, "ರೇಡಿಯೋ ಸುಳ್ಳು ಹೇಳ್ತಮ್ಮ" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಹೌದು ಅಂದೆ.

ಬೀದಿಯವರು ಆ ಸುಳ್ಳನ್ನು ನನಗಾಗಿ ಇಪ್ಪತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದಿದ್ದಾರೆ. ನಿನ್ನ ಅಮ್ಮನಿಗೂ ನಾನು ಹೇಳಲಿಲ್ಲ. ಹೇಳೋಣ ಎನ್ನುವಷ್ಟರಲ್ಲಿ ಅವಳೇ ಹೋಗಿಬಿಟ್ಟಳು. ಈಗ ನಿನಗೆ ಗೊತ್ತಾಗಿದೆ. ಅಜ್ಜಿಗೆ ಓದಿ ಹೇಳುವುದಿದ್ದರೆ ಹೇಳು. ಇನ್ನು ಬೇಡ ಎನ್ನುವುದಿಲ್ಲ.

ಅಪ್ಪ


ಹಾಸ್ಟೆಲ್
ಫೆಬ್ರವರಿ 16

ಅಪ್ಪಾ,

ತಕ್ಷಣ ಬರೆಯಲು ಆಗಲಿಲ್ಲ. ಮೊದಲ ಎರಡು ದಿನ ಅತ್ತೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಆರಿಸಿದ್ದಕ್ಕಲ್ಲ. ಹೌದು ಅಂದದ್ದಕ್ಕೆ.

ನಿನ್ನದು ತಪ್ಪಲ್ಲ ಎಂದು ಬರೆಯೋಣ ಎಂದು ಕೂತೆ. ಕೈ ಏಳಲಿಲ್ಲ. ನಿನ್ನದೇ ತಪ್ಪು ಎಂದು ಬರೆಯಲೂ ಏಳಲಿಲ್ಲ. ಎರಡೂ ನಿಜವಲ್ಲ ಅನ್ನಿಸುತ್ತದೆ. ಇಸವಿ ಮೇಷ್ಟ್ರು ಕಾರಣಗಳು, ಪರಿಣಾಮಗಳು ಎಂದು ಎರಡು ಪಟ್ಟಿ ಮಾಡಿಸುತ್ತಾರೆ. ಇದನ್ನು ಯಾವುದರಲ್ಲಿ ಬರೆಯಲಿ?

ಆದರೆ ಅಜ್ಜಿಗೆ ಓದಿ ಹೇಳುವುದು ನನ್ನ ಕೆಲಸವಲ್ಲ. ಅದು ನಿನ್ನದು. ಚೌಕದಲ್ಲಿರುವುದನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಿ ಇದರೊಳಗೆ ಇಟ್ಟಿದ್ದೇನೆ, ನಿನಗೆ ಕನ್ನಡಕ ಇಲ್ಲದೆಯೂ ಓದಲು ಬರಲಿ ಎಂದು. ಮೂರೂ ವಾಕ್ಯ ಇವೆ.

ಅಜ್ಜಿಗೆ ಎಂಬತ್ತು ದಾಟಿತು ಅಪ್ಪಾ. ಅವಳು ಇಷ್ಟು ವರ್ಷ ಒಂದು ಪೆಟ್ಟಿಗೆಯ ಮೇಲೆ ಕೋಪ ಮಾಡಿಕೊಂಡು ಕೂತಿದ್ದಾಳೆ.

ತರಲೆ


ಹಾಸ್ಟೆಲ್
ಮಾರ್ಚ್ 14

ಅಪ್ಪಾ,

ನಿನ್ನಿಂದ ಕಾಗದವಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಇತಿಹಾಸ ಮುಗಿಯಿತು. ಪಾಸಾಗುತ್ತೇನೆ, ಹೆದರಬೇಡ. ಹತ್ತು ಅಂಕದ ಪ್ರಶ್ನೆ ಬಂತು: ಯುದ್ಧದ ಪ್ರಮುಖ ಘಟನೆಗಳನ್ನು ಕಾಲಾನುಕ್ರಮದಲ್ಲಿ ಬರೆಯಿರಿ. ಇಲಿಮರಿಯಿಂದ ಶುರು ಮಾಡಿದೆ. ಪೆನ್ನು ಎಲ್ಲೂ ನಿಲ್ಲಲಿಲ್ಲ. ಜೂನ್ ಹದಿನೇಳು, ಮಧ್ಯಾಹ್ನ ಒಂದು ಗಂಟೆ, ಒಪ್ಪಂದದ ಪ್ರಕಟಣೆ ಎಂದು ಬರೆದ ಮೇಲೆ ನಿಂತುಬಿಟ್ಟಿತು. ಆ ಮಧ್ಯಾಹ್ನ ಇನ್ನೂ ಒಂದು ಆಯಿತಲ್ಲ. ಬರೆದರೆ ತಪ್ಪೆಂದು ಗೀಟು ಹಾಕುತ್ತಾರೆ, ಚಿಕ್ಕಪ್ಪನ ಮೇಲೆ ಯಾರೋ ಕೆಂಪು ಗೀಟು ಎಳೆಯುವುದು ನನಗೆ ಬೇಡ. ಬರೆಯದೆ ದಾಟಿ ಹೋಗಲೂ ಮನಸ್ಸಾಗಲಿಲ್ಲ. ಒಂದು ಸಾಲು ಖಾಲಿ ಬಿಟ್ಟೆ. ಅದರ ಕೆಳಗೆ ಹತ್ತೊಂಬತ್ತು, ಬೆಳಿಗ್ಗೆ ಆರು ಗಂಟೆ, ಯುದ್ಧ ಮುಕ್ತಾಯ ಎಂದು ಬರೆದು ಕೊಟ್ಟು ಬಂದೆ.

ಪೇಪರ್ ತಿದ್ದುವವರು ಈ ಹುಡುಗಿಗೆ ಕಾಗದದ ಬೆಲೆ ಗೊತ್ತಿಲ್ಲ ಅಂದುಕೊಳ್ಳಲಿ.

ತರಲೆ


ಮನೆ
ಮಾರ್ಚ್ 29

ತರಲೆ,

ಹೇಳಿದೆ.

ಹದಿನಾರನೇ ತಾರೀಕು ಮಧ್ಯಾಹ್ನ ಅಜ್ಜಿ ಕಿಟಕಿಯ ಹತ್ತಿರ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಕೊಟ್ಟು ಎದುರಿಗೆ ಕೂತೆ. ನಿನ್ನ ಕಾಗದ ಓದಿದೆ. ಮೂರು ವಾಕ್ಯ ಓದಿ, ನಾನು ಕೇಳಿದ್ದು ಒಂದೇ ಎಂದು ಹೇಳಿದೆ. ಅವಳು ಹೊಲಿಯುವುದನ್ನು ನಿಲ್ಲಿಸಲಿಲ್ಲ. ಗುಂಡಿ ಮುಗಿಸಿ, ದಾರ ಕಚ್ಚಿ ಕಡಿದು, ಅಂಗಿ ಮಡಿಸಿದಳು.

"ಹಾಗಾದ್ರೆ ಅದು ಸುಳ್ಳು ಹೇಳ್ಲಿಲ್ವಾ?"

"ಇಲ್ಲಮ್ಮ."

"ಅವನು ನನ್ನ ಕರ್ಕೊಂಡು ಬರೋಕೆ ಹೊರಟಾಗ ನೀನು ಖುಷಿಯಾಗಿದ್ಯಾ?"

"ಇದ್ದೆ."

"ಅವನು?"

"ಅವನೂ."

ಎದ್ದು ಒಳಗೆ ಹೋದಳು. ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ತಟ್ಟೆ ಇಡುತ್ತಿದ್ದಳು, ನಾನು ಉಣ್ಣುವುದನ್ನು ನೋಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಅಷ್ಟೇ. ಹನ್ನೊಂದನೇ ದಿನ ಹೇಳಿದಳು, "ನಿನ್ನ ತಪ್ಪು ಹೊಟ್ಟೆಗೆ ಹಾಕ್ಕೊಂಡೆ ಅಂತ ತಿಳ್ಕೋಬೇಡ. ಅವನ್ನ ಕೇಳದೆ ನಾನು ಹೇಗೆ ಹಾಕ್ಕೊಳ್ಳಲಿ?" ತಟ್ಟೆ ಎತ್ತಿಕೊಂಡು, "ನಾಳೆ ಒಂದು ರೇಡಿಯೋ ಮನೆಗೆ ತಗೊಂಬಾ" ಅಂದಳು.

ನಿನ್ನೆ ಒಂದು ಚಿಕ್ಕ ಸೆಟ್ಟು ತಂದು ಮೇಜಿನ ಮೇಲಿಟ್ಟೆ. ಅಜ್ಜಿ ಸೀರೆ ಸರಿಮಾಡಿಕೊಂಡು ಅದರ ಎದುರು ಕೂತಳು. ಒಂದು ಗಂಟೆಯ ಸುದ್ದಿ. ಹಚ್ಚಿದೆ. ದನಿ ಸ್ಪಷ್ಟವಾಗಿ ಬಂತು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಅವಳ ಮುಖ ನೋಡಲಾಗದೆ ಆರಿಸಲು ಕೈ ಚಾಚಿದೆ.

ಅವಳು ನನ್ನ ಮಣಿಕಟ್ಟು ಹಿಡಿದಳು.

"ಇರು. ಪೂರ್ತಿ ಹೇಳ್ಲಿ."

ಕೂತು ಕೇಳಿದೆವು. ಯಾವುದೋ ಊರಿನಲ್ಲಿ ಉದ್ಘಾಟನೆ, ಯಾರದೋ ಭಾಷಣ, ನಾಳೆ ಒಣ ಹವೆ. ಆಮೇಲೆ ಹಾಡು ಶುರುವಾಯಿತು. ಅಜ್ಜಿ ಕಣ್ಣು ಒರೆಸಿಕೊಳ್ಳಲಿಲ್ಲ, ಏಕೆಂದರೆ ಒಂದು ಕೈಯಲ್ಲಿ ಸೆರಗು ಹಿಡಿದಿದ್ದಳು, ಇನ್ನೊಂದರಲ್ಲಿ ನನ್ನನ್ನು. ಸುದ್ದಿ ಮುಗಿದು ಬಹಳ ಹೊತ್ತಾದರೂ ಬಿಡಲಿಲ್ಲ.

ಅಪ್ಪ